ಇನ್ನೊಂದು ತಂಬಿಗೆ ನೀರು

“ಬಚ್ಚಲದಾಗ ಹುಡುಗಿಗಿ ತಲಿ ಎರಿಬ್ಯಾಡವಾ. ಅಂಗಳದಾಗ ಕುಂದ್ರಿಸಿ ಎರಿ.”

ಟ್ರಂಕನ್ನು ಹೊಸಿಲು ದಾಟಿಸುತ್ತಿದ್ದ ಸಾವಿತ್ರಿಬಾಯಿ ಸೊಂಟ ನೆಟ್ಟಗೆ ಮಾಡಿಕೊಂಡು ನಕ್ಕಳು. “ಯಾಕ್ರೀ ಅಮ್ಮಾ? ಬಚ್ಚಲದಾಗ ಯಾರರ ಅದಾರೇನು?”

ಮನೆಯೊಡತಿ ಮಾನಮ್ಮ ನಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಹಿತ್ತಲಿನ ಕಡೆ ಕಣ್ಣು ಹಾಯಿಸದೆ ಹೇಳಿದಳು: “ಎರಿಲೇಬೇಕಂದ್ರ, ಸೀಗಿಕಾಯಿ ಹಚ್ಚಿ ಕಣ್ಣು ಮುಚ್ಚಿದ ಕೂಸನ್ನ ಒಬ್ಬಾಕಿನ್ನೇ ಬಿಟ್ಟು ಹೊರಗ ಬರಬ್ಯಾಡ. ತಂಬಿಗಿ ನಿನ್ನ ಕೈಯಾಗೇ ಇರಲಿ.”

“ನನ್ನ ಬಸ್ಸಿನಾಗ ದಿನಾ ಎಂಥೆಂಥಾವ್ರೋ ಹತ್ತತಾರ. ನಿಮ್ಮ ಬಚ್ಚಲದಾಗಿನವ್ರು ಬಂದ್ರ ಅವ್ರಿಗೂ ಒಂದು ಟಿಕೀಟು ಹರದು ಕೊಡ್ತೀನಿ, ಬಿಡ್ರಿ.”

ಸಾವಿತ್ರಿಬಾಯಿ ಬಸ್ ಕಂಡಕ್ಟರು. ಬೀದರ್ ಕಡೆಯಿಂದ ವರ್ಗವಾಗಿ ಸುರಪುರಕ್ಕೆ ಬಂದಿದ್ದಳು. ಗಂಡ ಕಾಂತೇಶ ಎದೆನೋವೆಂದು ಮಲಗಿದವನು ಎದ್ದಿರಲಿಲ್ಲ. ಮನೆಯಲ್ಲಿ ಉಳಿದವರು ತಾಯಿ, ಮಗಳು ಇಬ್ಬರೇ. ಮಗಳು ಪರಿಮಳಾ ಆರನೇ ಇಯತ್ತೆ. ಮೊಣಕಾಲು ಮುಟ್ಟುವ ಕೂದಲು. ಅದಕ್ಕೆ ಕತ್ತರಿ ತಾಗಿಸಲು ಅಪ್ಪ ಬಿಟ್ಟಿರಲಿಲ್ಲ. ಅವನು ಹೋದ ಮೇಲೆ ಕತ್ತರಿಸಲು ಸಾವಿತ್ರಿಬಾಯಿಗೆ ಮನಸ್ಸು ಬರಲಿಲ್ಲ.

ವಾರವೆಲ್ಲ ಬಸ್ಸು, ಧೂಳು, ಜನರ ಬೆವರು. ಭಾನುವಾರ ಮಾತ್ರ ಮಗಳದು. ಹಿಂದಿನ ಸಂಜೆಯೇ ಸೀಗೆಕಾಯಿ, ಅಂಟವಾಳಕಾಯಿ ನೆನೆಹಾಕಿ, ಬೆಳಿಗ್ಗೆ ಕುದಿಸಿ ಸೋಸಬೇಕು. ಎಣ್ಣೆ ತಿಕ್ಕಬೇಕು. ಆಮೇಲೆ ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ, ತಲೆ ಬಗ್ಗಿಸಿ, ಕೂದಲನ್ನೆಲ್ಲ ಮುಂದಕ್ಕೆ ಅಗಲವಾದ ಪ್ಲಾಸ್ಟಿಕ್ ಬುಟ್ಟಿಯೊಳಗೆ ಇಳಿಬಿಟ್ಟು, ಒಂದು ಕೈಯಲ್ಲಿ ತಿಕ್ಕುತ್ತ ಇನ್ನೊಂದು ಕೈಯಲ್ಲಿ ತಂಬಿಗೆಯಿಂದ ಸಣ್ಣಗೆ ಎರೆಯಬೇಕು. ಅಷ್ಟು ಕೂದಲನ್ನು ಒಬ್ಬಳೇ ತೊಳೆದುಕೊಳ್ಳುವುದು ಆಗದ ಮಾತು. ಆ ಹೊತ್ತಿನಲ್ಲೇ ಹುಡುಗಿ ಬಾಯಿ ಬಿಡುತ್ತಿದ್ದುದು. ಶಾಲೆಯ ಜಗಳ, ಕಂಡ ಕನಸು, ಅಪ್ಪನ ನೆನಪು, ಎಲ್ಲ ಬಗ್ಗಿದ ತಲೆಯ ಕೆಳಗಿನಿಂದ ಬರುತ್ತಿದ್ದವು.

ಬಚ್ಚಲು ಹಿತ್ತಲ ಮೂಲೆಯಲ್ಲಿತ್ತು. ಕಿಟಕಿಯಿಲ್ಲ. ನೆಲಕ್ಕೊಂದು ದೊಡ್ಡ ಶಹಾಬಾದ ಕಲ್ಲು. ನಡು ಮಧ್ಯಾಹ್ನದಲ್ಲೂ ಒಳಗೆ ಕತ್ತಲೆ ಕೂತಿರುತ್ತಿತ್ತು. ಪಾಚಿ, ಹಳೆಯ ಸುಣ್ಣ, ಮತ್ತೆ ಎಲ್ಲಿಂದಲೋ ಕಾಲುವೆಯ ಕೆಸರಿನ ವಾಸನೆ.

ಮೊದಲ ಭಾನುವಾರವೇ ಸಾವಿತ್ರಿಬಾಯಿ ಅಲ್ಲಿಯೇ ಮಣೆ ಹಾಕಿದಳು. ಅಂಗಳದಲ್ಲಿ ಓಣಿಯವರೆಲ್ಲ ನೋಡುವ ಹಾಗೆ ಬೆಳೆಯುವ ಹುಡುಗಿಗೆ ಎರೆಯುವುದೆಂದರೇನು? ಸೀಗೆಕಾಯಿ ಹಚ್ಚಿ ತಿಕ್ಕುವಷ್ಟರಲ್ಲಿ ಕರೆಂಟು ಹೋಯಿತು. ಬಕೆಟ್ಟಿನ ನೀರೂ ತಳ ಕಂಡಿತ್ತು.

“ಕಣ್ಣ ಬಿಡಬ್ಯಾಡ, ಉರೀತದ. ಹಂಡೇದಾಗಿನ ಬಿಸಿನೀರು ತರ್ತೀನಿ,” ಎಂದು ತಂಬಿಗೆಯನ್ನು ಅಲ್ಲೇ ಇಟ್ಟು ಹೊರಗೆ ಬಂದಳು. ಒಲೆಯ ಹತ್ತಿರ ಫೋನು ಬಡಿದುಕೊಂಡಿತು. ಡಿಪೊದಿಂದ ಮಲ್ಲಣ್ಣ, ನಾಳೆಯ ಡ್ಯೂಟಿ ನಾರಾಯಣಪುರದ ಬದಲು ಶಹಾಪುರಕ್ಕೆ ಎಂದ. ಒಂದಷ್ಟು ವಾದ ಮಾಡಿ, ಫೋನಿಟ್ಟು, ಇನ್ನೊಂದು ಬಕೆಟ್ಟು ತುಂಬಿಕೊಂಡು ತಿರುಗಿದಳು.

ಬಚ್ಚಲಿನೊಳಗೆ ನೀರು ಎರೆಯುವ ಸದ್ದು.

ಸಣ್ಣಗೆ, ಒಂದೇ ಧಾರೆಯಾಗಿ. ನಿಂತಿತು. ತಂಬಿಗೆ ಮುಳುಗಿದ ಗುಳುಗುಳು ಸದ್ದು. ಮತ್ತೆ ಧಾರೆ.

“ಸಾಕು ಬಿಡವ್ವಾ, ತಣ್ಣಗದ ನೀರು,” ಎಂದಳು ಒಳಗಿನಿಂದ ಪರಿಮಳಾ.

ಸಾವಿತ್ರಿಬಾಯಿ ಬಾಗಿಲು ತಳ್ಳಿದಳು. ಹುಡುಗಿ ಒಬ್ಬಳೇ ಬಗ್ಗಿ ಕೂತಿದ್ದಳು. ಕೂದಲಲ್ಲಿ ಸೀಗೆಕಾಯಿಯ ಒಂದು ಕಣವೂ ಉಳಿದಿರಲಿಲ್ಲ. ಬುಟ್ಟಿ ತುಂಬಿ ಹರಿಯುತ್ತಿತ್ತು, ಮಣ್ಣುಬಣ್ಣದ ನೀರು.

“ಯಾರು ಎರದ್ರು?”

“ನೀನೇ ಎರದಿ! ಹಾಡೂ ಹಾಡಿದಿ. ಮತ್ತ ಹಾಡವ್ವಾ.”

ಸಾವಿತ್ರಿಬಾಯಿ ಹುಟ್ಟಿದಾಗಿನಿಂದ ಹಾಡಿದವಳಲ್ಲ. ತಳದ ನೀರನ್ನು ಹುಡುಗಿಯೇ ಸುರಿದುಕೊಂಡಿರಬೇಕು, ಕತ್ತಲಲ್ಲಿ ಏನೋ ಕಲ್ಪಿಸಿಕೊಂಡಿರಬೇಕು ಎಂದುಕೊಂಡಳು. ಟವೆಲಿನಿಂದ ತಲೆ ಒರೆಸುವಾಗ ಮಾತ್ರ ಅವಳ ಕೈ ತಡೆಯಿತು. ಕೂದಲು ಹಿಮದಂತೆ ತಣ್ಣಗಿತ್ತು.

ಆಮೇಲೆ ಅದು ಒಣಗಲೇ ಇಲ್ಲ.

ಬಿಸಿಲಲ್ಲಿ ಹರವಿದರೂ, ಸಾಂಬ್ರಾಣಿ ಹೊಗೆ ಹಿಡಿದರೂ ತುದಿಯಿಂದ ಹನಿ ತೊಟ್ಟಿಕ್ಕುತ್ತಿತ್ತು. ಸಾವಿತ್ರಿಬಾಯಿ ಡ್ಯೂಟಿ ಮುಗಿಸಿ ಬಂದಾಗ ಹುಡುಗಿ ದಿನವೂ ಬಚ್ಚಲಿನಿಂದಲೇ ಹೊರಬರುತ್ತಿದ್ದಳು. ಕಣ್ಣು ಕೆಂಪು, ತುಟಿ ನೀಲಿ, ಮುಖದ ಮೇಲೆ ಮಾತ್ರ ಎಂಥದೋ ತೃಪ್ತಿ. ಕೆಮ್ಮು ಹತ್ತಿತು. ಜ್ವರ ಬಂತು. ಸಾವಿತ್ರಿಬಾಯಿ ಬಚ್ಚಲಿಗೆ ಬೀಗ ಹಾಕಿದಳು. ಸಂಜೆ ಬಂದು ನೋಡಿದರೆ ಬೀಗ ಹಾಗೆಯೇ ಇತ್ತು. ಹುಡುಗಿ ಒಳಗಿದ್ದಳು.

ಅವಳನ್ನು ಎಳೆದು ತಂದು, ಎರಡೂ ಭುಜ ಹಿಡಿದು ಅಲುಗಾಡಿಸಿದಳು. “ಯಾರದಾರ ಅಲ್ಲಿ? ಹೇಳು!”

“ಅವ್ವ.”

“ನಾನು ನಿಮ್ಮವ್ವ!”

ಪರಿಮಳಾ ಲೆಕ್ಕ ತಪ್ಪಿದವರ ಹಾಗೆ ಅವಳನ್ನು ನೋಡಿದಳು. “ನೀ ಬಸ್ಸಿನಾಗಿನ ಅವ್ವ,” ಎಂದಳು. “ಆಕಿ ಮನ್ಯಾಗಿನ ಅವ್ವ. ಆಕಿ ಎಲ್ಲೂ ಹೋಗಂಗಿಲ್ಲ.”

ಮರುದಿನವೇ ರಜೆ ಹಾಕಿ ಹುಡುಗಿಯನ್ನು ಶಹಾಪುರದ ಆಸ್ಪತ್ರೆಗೆ ಒಯ್ದಳು. ನಾಲ್ಕಾರು ದಿನ ಇಟ್ಟುಕೊಂಡು ಸೂಜಿ ಚುಚ್ಚಿದರು. ಹಾಸಿಗೆ ನೆನೆಯಿತು, ಬದಲಿಸಿದರು, ಮತ್ತೆ ನೆನೆಯಿತು. ಹುಡುಗಿ ಕೆಮ್ಮಿದಾಗ ಬಾಯಿಂದ ಬಂದದ್ದು ಕಫವಲ್ಲ, ಕೆಸರು ನೀರು. ಮನೆಯಿಂದ ದೂರವಿದ್ದಷ್ಟೂ ಉಸಿರು ಸಣ್ಣದಾಗುತ್ತಿತ್ತು. ಡಾಕ್ಟರು ಕಲಬುರಗಿಗೆ ಒಯ್ಯಿರಿ ಎಂದರು. ಅಷ್ಟು ದೂರ ಒಯ್ದರೆ ಹೆಣವನ್ನು ಇಳಿಸಬೇಕಾದೀತೆಂದು ಸಾವಿತ್ರಿಬಾಯಿಗೆ ಅನ್ನಿಸಿತು. ಮಗಳನ್ನು ಹೊತ್ತು ಸುರಪುರಕ್ಕೇ ತಿರುಗಿ ಬಂದು, ಮಾನಮ್ಮನ ಬಾಗಿಲಲ್ಲಿ ಕುಸಿದು ಕೂತಳು.

“ಹೇಳ್ರಿ. ನನ್ನ ಕೂಸಿಗಿ ಏನಾಗ್ಯಾದ?”

ಮಾನಮ್ಮ ತಗ್ಗಿದ ದನಿಯಲ್ಲಿ ಹೇಳಿದಳು. ಗೊಲ್ಲಾಳಮ್ಮ ಅವಳ ಅಕ್ಕ. ಈಗ ಸಾವಿತ್ರಿಬಾಯಿ ಬಾಡಿಗೆಗಿದ್ದ ಆ ಹಿಂದಿನ ಮನೆಯಲ್ಲೇ ಇದ್ದವಳು. ಹತ್ತಿ ಬಿಡಿಸಲು ಕೂಲಿಗೆ ಹೋಗುತ್ತಿದ್ದಳು. ಒಂದು ದಿನ ಮಗಳು ತಲೆ ಎರೆ ಎಂದು ಹಠ ಹಿಡಿದಾಗ ನಾಳೆ ಎರೀತೀನಿ ಎಂದು ಹೊಲಕ್ಕೆ ಹೋದಳು. ಹುಡುಗಿ ತಾನೇ ಕಾಲುವೆಗೆ ಹೋಗಿ, ಬಗ್ಗಿ ಕೂದಲು ತೊಳೆಯುವಾಗ ಕಾಲು ಜಾರಿತು. ಹೆಣ ಸಿಕ್ಕಾಗ ಕೂದಲಲ್ಲಿ ಕೆಸರು ತುಂಬಿತ್ತು. ಗೊಲ್ಲಾಳಮ್ಮ ಹೊಳೆಯಾಚೆಯ ಮಾಟಗಾರನ ಕಾಲು ಹಿಡಿದಳು. ಅವನು ಹೇಳಿದಂತೆ ಸತ್ತ ಮಗಳ ಕೂದಲನ್ನು ತಾಮ್ರದ ತಂತಿಯಿಂದ ಗಂಟು ಕಟ್ಟಿ, ಬಚ್ಚಲ ಕಲ್ಲಿನಡಿ ಹೂತು, ನೀರು ಕಾಸಿ ಕಾಯುತ್ತ ಕೂತಳು. ಮಗಳು ಬರಲಿಲ್ಲ. ಕಾಯುತ್ತ ಕಾಯುತ್ತ ಅಲ್ಲಿಯೇ ಸತ್ತಳು.

“ಆ ಮಾಟ ಕೂಸನ್ನ ತರಲಿಲ್ಲ. ಅಕ್ಕನ್ನ ಕಟ್ಟಿ ಹಾಕ್ತು. ಕಣ್ಣು ಮುಚ್ಚಿ ಕುಂತ ಹುಡುಗಿ ಯಾರೇ ಇರಲಿ, ಆಕಿಗಿ ಮಗಳೇ. ನನ್ನ ಮಗಳೂ ಹಂಗೇ ಹೋದಳವಾ.”

“ಹಂಗಿದ್ರ ಮನಿ ಯಾಕ ಕೊಟ್ರಿ?” ಸಾವಿತ್ರಿಬಾಯಿ ಚೀರಿದಳು.

“ನಾ ಹೇಳಿದ್ನಲ್ಲವಾ,” ಎಂದಳು ಮಾನಮ್ಮ.

“ಈಗ ಏನು ಮಾಡ್ಲಿ, ಹೇಳ್ರಿ,” ಎಂದು ಸಾವಿತ್ರಿಬಾಯಿ ಅವಳ ಸೆರಗು ಹಿಡಿದಳು.

ದಾರಿ ಒಂದೇ ಇತ್ತು. ಗಂಟನ್ನು ಕಿತ್ತು ಕೃಷ್ಣೆಗೆ ಬಿಡಬೇಕು. ಮಾಟ ಬಿಡಿಸುವ ಹೊಳೆದಂಡೆಯ ಮೌನಪ್ಪ ತಾತ ಹಿಂದೆಯೇ ಮಾನಮ್ಮನಿಗೆ ಹೇಳಿದ್ದ. ಅಷ್ಟರಲ್ಲಿ ಅವಳ ಮಗಳು ಮಣ್ಣಾಗಿದ್ದಳು. ಆಮೇಲೆ ಕೀಳಲು ಮಾನಮ್ಮನಿಗೆ ಕೈ ಬರಲಿಲ್ಲ. ಎಲ್ಲರೂ ಹೋದರು, ಅಕ್ಕನಾದರೂ ಇರಲಿ ಎಂದು ಸುಮ್ಮನಾಗಿದ್ದಳು.

“ಒಂದು ಮಾತು ತಿಳಕೋ,” ಎಂದು ಅವಳು ಸಾವಿತ್ರಿಬಾಯಿಯ ಮೊಣಕೈ ಹಿಡಿದಳು. “ಕೂಸಿನ ಮನಸಿನಾಗ ನೀನು, ಆಕಿ ಕೂಡಿಹೋಗೀರಿ. ಆಕೀನ ಕಿತ್ತರ ನೀನೂ ಕಿತ್ತು ಬರ್ತಿ. ಕೂಸು ಉಳೀತಾಳ. ನಿನ್ನ ಗುರುತು ಉಳಿಯಂಗಿಲ್ಲ.”

“ಉಸಿರು ಉಳಿದ್ರ ಸಾಕು,” ಎಂದು ಸಾವಿತ್ರಿಬಾಯಿ ಎದ್ದಳು.

ಪಡಸಾಲೆಯಲ್ಲಿ ಮಲಗಿಸಿದ್ದ ಪರಿಮಳಾ ಇರಲಿಲ್ಲ. ಹಿತ್ತಲ ತನಕ ನೆಲದ ಮೇಲೆ ನೀರಿನ ಗೆರೆ.

ಸಂಜೆಗೆಂಪು ಗುಡ್ಡದ ಹಿಂದೆ ಆರುತ್ತಿತ್ತು. ಸಾವಿತ್ರಿಬಾಯಿ ಮೂಲೆಯಲ್ಲಿದ್ದ ಹಾರೆ ಎತ್ತಿಕೊಂಡು ಬಾಗಿಲು ಒದ್ದಳು. ಕತ್ತಲೆ. ಕೆಸರಿನ ನಾತ ಮೂಗಿಗೆ ಬಡಿಯಿತು. ಧಾರೆಯ ಸದ್ದು. ಬಳೆಯ ಸದ್ದು. ಮೂಗಿನಲ್ಲೇ ಗುನುಗುವ ಹಾಡು.

ಕಲ್ಲಿನ ಸಂದಿಗೆ ಹಾರೆ ತೂರಿಸಿದಳು. ಮೀಟಿದಳು. ಅಲುಗಲಿಲ್ಲ. ಮತ್ತೆ ಮೀಟಿದಳು. ಧಾರೆ ನಿಂತಿತು. ಹಾಡು ನಿಂತಿತು. ಕತ್ತಲಲ್ಲಿ ಯಾರೋ ತಿರುಗಿದರು. ಕಲ್ಲು ಎದ್ದಿತು. ಅವಳು ಬೋರಲು ಬಿದ್ದು ಕೈ ತೂರಿಸಿದಳು. ತಣ್ಣನೆಯ ರೊಜ್ಜು. ಹುಳು. ತಂತಿ. ಕೂದಲು!

ಅವಳ ಕೈಯ ಮೇಲೆ ಇನ್ನೊಂದು ಕೈ ಬಂತು.

ಒದ್ದೆ ಕೈ. ಹತ್ತಿಕಾಯಿಯ ಮುಳ್ಳು ಚುಚ್ಚಿ ಒರಟಾದ ಬೆರಳುಗಳು. ಅದು ಹಿಂಡಲಿಲ್ಲ, ಪರಚಲಿಲ್ಲ. ಬೇಡುವವರ ಹಾಗೆ ಹಿಡಿದುಕೊಂಡಿತು.

“ಇನ್ನೊಂದು ತಂಬಿಗಿ,” ಎಂದಿತು ದನಿ, ಕಿವಿಯ ಹತ್ತಿರ. “ಕೆಸರು ಹೋಗಿಲ್ಲ ಕೂಸಿಂದು. ಇನ್ನೊಂದೇ ತಂಬಿಗಿ.”

ಸಾವಿತ್ರಿಬಾಯಿಗೆ ಅಳು ಒತ್ತಿಬಂತು. ಹೆದರಿಕೆಯಿಂದಲ್ಲ. “ಬಿಡು ಅಕ್ಕಾ,” ಎಂದಳು. “ನಿನ್ನ ಮಗಳು ಇಲ್ಲಿಲ್ಲ. ಈಕಿ ನನ್ನಾಕಿ.”

ಕಣ್ಣು ಮುಚ್ಚಿ ಎಳೆದಳು.

ಬಚ್ಚಲು ತುಂಬ ಒಂದು ಕೂಗು ಎದ್ದಿತು. ಅದು ತನ್ನ ಗಂಟಲಿನದೋ, ಅವಳದೋ ತಿಳಿಯಲಿಲ್ಲ. ಗೋಡೆಗಳಿಂದ ನೀರು ಇಳಿಯಿತು. ಮೊಣಕಾಲು ಮುಳುಗಿತು. ಆಮೇಲೆ ಗಟಾರದಲ್ಲಿ ಗೊರಗೊರ ಸದ್ದು ಮಾಡುತ್ತ ಎಲ್ಲ ಬಸಿದುಹೋಯಿತು.

ಬಾಗಿಲಲ್ಲಿ ಮಾನಮ್ಮ ಕಂದೀಲು ಹಿಡಿದು ನಿಂತಿದ್ದಳು. ಪರಿಮಳಾ ಮಣೆಯ ಮೇಲೆ ನಡುಗುತ್ತ ಕೂತಿದ್ದಳು. ತುಟಿಗೆ ಬಣ್ಣ ಬರುತ್ತಿತ್ತು. ಸಾವಿತ್ರಿಬಾಯಿ ಕೆಸರುಗೈಯಲ್ಲೇ ಅವಳ ಕೆನ್ನೆ ಹಿಡಿದಳು. ಬೆಚ್ಚಗಿತ್ತು. ಹುಡುಗಿ ಕಣ್ಣು ತೆರೆದು, ಮುಖವನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು.

“ನೀವು ಯಾರ್ರಿ?” ಎಂದಳು.

ಗಂಟನ್ನು ನಸುಕಿನಲ್ಲಿ ಮಾನಮ್ಮನೇ ಒಯ್ದು ಹೊಳೆಗೆ ಬಿಟ್ಟಳು. ಅಕ್ಕನನ್ನು ಕಳಿಸಿ ಬಂದೆ ಎಂದು ಓಣಿಯವರ ಮುಂದೆ ಅತ್ತಳಂತೆ. ಪರಿಮಳಾಳಿಗೆ ಅಪ್ಪ ನೆನಪಿದ್ದ, ಶಾಲೆ ನೆನಪಿತ್ತು, ಮಗ್ಗಿ ನೆನಪಿತ್ತು. ತಾಯಿ ಮಾತ್ರ ನೆನಪಿರಲಿಲ್ಲ. ಫೋಟೋ ತೋರಿಸಿದರೆ ಅಪ್ಪನ ಪಕ್ಕದಲ್ಲಿರುವ ಇವರು ಯಾರು ಎನ್ನುತ್ತಿದ್ದಳು. ಜ್ವರ ತಲೆಗೇರಿ ಹಾಗಾಗಿದೆ ಎಂದರು ಡಾಕ್ಟರು. ಗುರುತಿಲ್ಲದ ಹೆಂಗಸಿನ ಜೊತೆ ಇರಲಾರೆನೆಂದು ಹುಡುಗಿ ಅತ್ತು ಅತ್ತು ಊಟ ಬಿಟ್ಟಾಗ, ಸಾವಿತ್ರಿಬಾಯಿ ಅವಳನ್ನು ಯಾದಗಿರಿ ಹತ್ತಿರದ ಮುದನಾಳದಲ್ಲಿದ್ದ ಕಾಂತೇಶನ ತಾಯಿಯ ಹತ್ತಿರ ಬಿಟ್ಟಳು. ಮೊಮ್ಮಗಳು ಅಜ್ಜಿಯ ಗುರುತು ಹಿಡಿದು, “ಆಯಿ” ಎಂದು ಓಡಿಹೋಗಿ ತಬ್ಬಿಕೊಂಡಳು. ಸಾವಿತ್ರಿಬಾಯಿ ಬ್ಯಾಗನ್ನು ಹೊಸಿಲ ಮೇಲಿಟ್ಟು ಬಂದಳು.

ಮೇಲಿನವರ ಕೈಕಾಲು ಹಿಡಿದು ಯಾದಗಿರಿಗೆ ವರ್ಗ ಮಾಡಿಸಿಕೊಂಡಳು. ಮುದನಾಳದ ಬಸ್ಸು ಕೇಳಿ ಪಡೆದಳು.

ಈಗ ಸಂಜೆ ಶಾಲೆ ಬಿಟ್ಟ ಮೇಲೆ ಪರಿಮಳಾ ಅದೇ ಬಸ್ಸು ಹತ್ತುತ್ತಾಳೆ. ಪಾಸು ತೋರಿಸುತ್ತಾಳೆ. ಸಾವಿತ್ರಿಬಾಯಿಯ ಮುಖ ಮಾತ್ರ ಅವಳ ನೆನಪಿನಲ್ಲಿ ನಿಲ್ಲುವುದಿಲ್ಲ, ಕಂಡಷ್ಟು ಸಲವೂ ಹೊಸದೇ. ಸೀಟು ಸಿಗದಿದ್ದರೆ ಕಂಡಕ್ಟರ ಪಕ್ಕದ ಕಂಬ ಹಿಡಿದು ನಿಲ್ಲುತ್ತಾಳೆ. ಮೊನ್ನೆ ಅವಳ ಜಡೆ ಅರ್ಧ ಬಿಚ್ಚಿತ್ತು, ತುದಿ ಜಿಡ್ಡುಗಟ್ಟಿತ್ತು.

“ತಲಿ ಯಾರು ಎರೀತಾರವಾ ನಿನಗ?” ಎಂದು ಕೇಳಿದಳು ಸಾವಿತ್ರಿಬಾಯಿ.

“ಆಯಿ ಎರೀತಾಳ್ರಿ. ಆಕಿಗಿ ಕೈ ಸೋಲ್ತಾವ. ಕತ್ತರಿಸಿ ಬಿಡ್ತೀನಂತಾಳ.”

“ಕತ್ತರಿಸಲಿ ಬಿಡವಾ. ಹಗುರ ಆಗ್ತದ.”

ಹುಡುಗಿ ಜಡೆಯನ್ನು ಮುಂದಕ್ಕೆ ಎಳೆದುಕೊಂಡಳು. “ನಿಮಗ ಮಕ್ಕಳದಾರೇನ್ರಿ?”

“ಒಬ್ಬಾಕಿ ಅದಾಳ.”

“ದೊಡ್ಡಾಕಿ ಏನ್ರಿ?”

“ನಿನ್ನಷ್ಟೇ ಅದಾಳ,” ಎಂದಳು ಸಾವಿತ್ರಿಬಾಯಿ. “ಅರಾಮ ಅದಾಳ.”

ಮುದನಾಳ ಬಂತು. ಹುಡುಗಿ ಇಳಿದು, ತಿರುಗಿ ನೋಡದೆ ಓಣಿಗೆ ಹೊರಳಿದಳು. ಹಿಂದಿನ ಸೀಟಿನವರು ತಡವಾಯಿತೆಂದು ಕೂಗಿದರು. ಸಾವಿತ್ರಿಬಾಯಿ ಸೀಟಿಯನ್ನು ಬಾಯಿಗಿಟ್ಟುಕೊಂಡಳು. ಊದಲು ಉಸಿರು ಬರಲು ಬಹಳ ಹೊತ್ತು ಹಿಡಿಯಿತು.