ಗುಂಡಿ ಹೂವಿನ ಸಾಲು

"ಏಳಮ್ಮಾ, ನಿನ್ನಿಂದ ನನ್ನ ಮೆಷಿನ್ ನಿಂತಿದೆ!"

"ಏಳಲ್ಲ ಮಾಮ, ಎಣಿಸ್ತಾ ಇದೀನಿ. ಐವತ್ತೆಂಟು, ಐವತ್ತೊಂಬತ್ತು..."

ಮಾಲಿ ಮಾಮ ಹುಲ್ಲು ಕತ್ತರಿಸುವ ಮೆಷಿನ್ ಆಫ್ ಮಾಡಿ ಸೊಂಟಕ್ಕೆ ಕೈಯಿಟ್ಟು ನಿಂತರು. ಶಾಲೆಯ ಬೆಲ್ ಇನ್ನೂ ಹೊಡೆದಿರಲಿಲ್ಲ. ಮೈದಾನದ ನಟ್ಟನಡುವೆ ಹಗ್ಗದ ಚೌಕವೊಂದನ್ನು ಹಾಸಿಕೊಂಡು ಐದನೇ ಕ್ಲಾಸಿನ ಹುಡುಗಿಯೊಬ್ಬಳು ಕೂತಿದ್ದಳು. ಮನೆಯಲ್ಲಿ ಅವಳ ಅಡ್ಡಹೆಸರು 'ಉಡ'. ಉಡ ಗೋಡೆ ಹಿಡಿದರೆ ಬಿಡುವುದಿಲ್ಲವಂತೆ. ಇವಳು ಹಠ ಹಿಡಿದರೂ ಅಷ್ಟೇ.

ವಿಜ್ಞಾನದ ಟೀಚರ್ ಒಬ್ಬೊಬ್ಬರಿಗೆ ಒಂದೊಂದು ಕಾಡುಗಿಡ ಹಂಚಿದ್ದರು. ಅದು ಮೈದಾನದಲ್ಲಿ ಎಲ್ಲೆಲ್ಲಿ ಇದೆ, ಎಷ್ಟೆಷ್ಟು ಇದೆ ಎಂದು ಎಣಿಸಿ ನಕ್ಷೆ ಬರೆಯಬೇಕು. ಇವಳ ಪಾಲಿಗೆ ಬಂದದ್ದು ಐದು ಎಸಳಿನ ನೀಲಿ ಹೂ. ಅಂಗಿಯ ಗುಂಡಿಗಿಂತ ಚಿಕ್ಕದು. ಗಿಡವೋ, ಗೇಣುದ್ದವೂ ಇಲ್ಲ. ಗುಂಡಿ ಹೂ ಎಂದು ಹೆಸರಿಟ್ಟು ಕ್ಲಾಸಿನವರೆಲ್ಲ ನಕ್ಕಿದ್ದರು. ಇವಳಿಗೆ ಮಾತ್ರ ಅದರ ಮೇಲೆ ಜೀವ.

"ಶನಿವಾರ ಸ್ಪೋರ್ಟ್ಸ್ ಡೇ. ಮೈದಾನ ಪೂರ್ತಿ ಕತ್ತರಿಸಿ ಅಂತ ದೊಡ್ಡ ಮೇಡಂ ಆರ್ಡರ್ ಆಗಿದೆ," ಎಂದರು ಮಾಮ.

"ಕಾಯಿ ಇನ್ನೂ ಹಸಿರಾಗಿದೆ ಮಾಮ! ಇದು ಒಂದೇ ವರ್ಷದ ಗಿಡ. ಹುಟ್ಟುತ್ತೆ, ಹೂ ಬಿಡುತ್ತೆ, ಬೀಜ ಉದುರಿಸಿ ಸತ್ತುಹೋಗುತ್ತೆ. ಬೇರೂ ಉಳಿಯಲ್ಲ. ಈಗ ಕತ್ತರಿಸಿದ್ರೆ ಮುಂದಿನ ವರ್ಷಕ್ಕೆ ಬೀಜ ಎಲ್ಲಿಂದ ಬರುತ್ತೆ?"

"ಒಂದು ಕಳೆಗೆ ಇಷ್ಟೊಂದು ವಕಾಲತ್ತಾ? ಹೋಗು, ಮೇಡಂನೇ ಕೇಳು. ಇವತ್ತು ಹಿತ್ತಲ ಕಡೆ ಮುಗಿಸ್ತೀನಿ. ನಾಳೆ ಇಲ್ಲಿಗೇ ಬರ್ತೀನಿ, ನೋಡ್ಕೋ."

ಶಾಲೆ ಬಿಟ್ಟ ಕೂಡಲೇ ಉಡ ದೊಡ್ಡ ಮೇಡಂ ಅವರ ಆಫೀಸಿಗೆ ಓಡಿದಳು. ಕಾಡಿ ಬೇಡಿ ಅವರನ್ನು ಮೈದಾನಕ್ಕೆ ಕರೆತಂದಳು. ಹಿಂದೆಯೇ ಅರ್ಧ ಕ್ಲಾಸೂ ಬಂತು.

"ಎಲ್ಲಿದೆಯಮ್ಮಾ ನಿನ್ನ ಹೂ?"

ಉಡ ನೋಡಿದಳು. ಹಗ್ಗದ ಚೌಕ ಅಲ್ಲೇ ಇತ್ತು. ಒಳಗೆ ಬರೀ ಹಸಿರು. ಒಂದು ಹೂವೂ ಇಲ್ಲ.

"ಬೆಳಿಗ್ಗೆ ಇತ್ತು ಮೇಡಂ! ನಿಜವಾಗ್ಲೂ ಇತ್ತು!"

"ಹೂವಿಗೂ ಸ್ಕೂಲ್ ಬಿಟ್ಟಿರಬೇಕು," ಎಂದರು ಮೇಡಂ. ಎಲ್ಲರೂ ಗೊಳ್ಳೆಂದು ನಕ್ಕರು.

ಎಲ್ಲರೂ ಹೋದ ಮೇಲೆ ಉಡ ಮಂಡಿಯೂರಿ ನೋಡಿದಳು. ನೀಲಿ ಎಸಳುಗಳು ಹಸಿರು ಹೊದಿಕೆಯೊಳಗೆ ಮುದುಡಿ ಮಲಗಿದ್ದವು. ಬೆಳಿಗ್ಗೆ ಅರಳಿ ಮಧ್ಯಾಹ್ನ ಮುಚ್ಚಿಕೊಳ್ಳುವ ಹೂ! ವಾರವಿಡೀ ಬೆಲ್‌ಗೆ ಮುಂಚೆಯೇ ಬಂದು ಎಣಿಸಿದ್ದ ಇವಳಿಗೆ ಅದು ಗೊತ್ತೇ ಆಗಿರಲಿಲ್ಲ. ಅವಳಿಗೆ ನಾಚಿಕೆಯಾಯಿತು, ಅಳು ಬಂತು. ಆಮೇಲೆ ತನ್ನ ಮೇಲೇ ಸಿಟ್ಟು ಬಂತು.

ಮನೆಯಲ್ಲಿ ಅಮ್ಮ ಹೊಲಿಗೆ ಮೆಷಿನ್ ಮುಂದೆ ಕೂತಿದ್ದರು. ಯಾರದೋ ಲಂಗದ ಅಂಚು ಮಡಿಸುತ್ತಿದ್ದರು. ಉಡ ನಕ್ಷೆಯನ್ನು ನೆಲದ ಮೇಲೆ ಹರಡಿ ಮುಖ ಊದಿಸಿಕೊಂಡು ಕೂತಳು. ಹೂವಿರುವ ಜಾಗಕ್ಕೆಲ್ಲ ಒಂದೊಂದು ಚುಕ್ಕಿ ಇಟ್ಟಿದ್ದಳು. ಒಟ್ಟು ಏಳು ಚುಕ್ಕಿ.

ಅಮ್ಮ ಕನ್ನಡಕದ ಮೇಲಿಂದ ಇಣುಕಿದರು. "ಇದೇನೇ, ಹೊಲಿಗೆ ಹಾಕಿದ ಹಾಗಿದೆ? ಒಂದೊಂದರ ಮಧ್ಯೆ ಅಷ್ಟಷ್ಟೇ ದೂರ."

"ತಾನಾಗೇ ಬೆಳೆದಿದ್ದಮ್ಮ."

"ಹೊಲಿಗೆ ತಾನಾಗೇ ಬೀಳುತ್ತಾ? ಸೂಜಿ ಹೋದ ಕಡೆ ಬೀಳುತ್ತೆ."

ಉಡ ನಕ್ಷೆಯನ್ನು ಆ ಕಡೆ ತಿರುಗಿಸಿದಳು, ಈ ಕಡೆ ತಿರುಗಿಸಿದಳು. ಮೈದಾನದಲ್ಲಿ ಸೂಜಿಯ ಹಾಗೆ ಹೋಗಿ ಬರುವುದು ಯಾವುದು? ಊಟದ ತಟ್ಟೆಯ ಮುಂದೆಯೂ ಅವಳಿಗೆ ಅದೇ ಯೋಚನೆ.

ಮರುದಿನ ಹಾಲಿನವನಿಗಿಂತ ಮುಂಚೆ ಎದ್ದಳು. ಮಾಲಿ ಮಾಮ ಶೆಡ್ಡಿನ ಬಾಗಿಲು ತೆಗೆಯುವಾಗ ಉಡ ಅಲ್ಲೇ ನಿಂತಿದ್ದಳು.

"ಮಾಮ, ಹುಲ್ಲು ಕತ್ತರಿಸುವಾಗ ನೀವು ಎಲ್ಲೆಲ್ಲಿ ನಿಲ್ತೀರಾ?"

"ಇದೇನು ಪೊಲೀಸ್ ವಿಚಾರಣೆ? ನಲ್ಲಿ ಹತ್ರ, ಮರದ ಹತ್ರ, ಮೈದಾನದ ನಡುವೆ, ಆಮೇಲೆ ಗೋಲ್ ಕಂಬ... ಅಷ್ಟಷ್ಟು ದೂರ ಹೋದ್ಮೇಲೆ ಅಡಿಯಲ್ಲಿ ಹಸಿ ಹುಲ್ಲು ಮೆತ್ಕೊಂಡು ಮೆಷಿನ್ ಮುಷ್ಕರ ಹೂಡುತ್ತೆ. ಆಫ್ ಮಾಡಿ, ಮಗುಚಿ, ಕಡ್ಡಿಯಲ್ಲಿ ಕೆರೆದು ಬೀಳಿಸ್ತೀನಿ."

ಉಡ ನಕ್ಷೆ ಮುಂದೆ ಹಿಡಿದಳು. ನಲ್ಲಿ, ಮರ, ಮೈದಾನದ ನಡು, ಗೋಲ್ ಕಂಬ. ಒಂದೊಂದರ ಹತ್ತಿರವೂ ಒಂದೊಂದು ಚುಕ್ಕಿ.

"ಗುಂಡಿ ಹೂ ಬಿತ್ತಿದ್ದು ನೀವೇ ಮಾಮ! ಬೀಜ ಮೆತ್ಕೊಂಡ ಹುಲ್ಲು ನೀವು ಕೆರೆದಲ್ಲೆಲ್ಲ ಬಿದ್ದಿದೆ."

"ನಾನಾ?" ಮಾಮ ನಕ್ಷೆಯನ್ನು ಬಹಳ ಹೊತ್ತು ನೋಡಿದರು. "ಇಷ್ಟು ವರ್ಷ ಇದನ್ನ ಬೈಕೊಂಡೇ ಕತ್ತರಿಸಿದೀನಲ್ಲ! ಆದ್ರೆ ಯಾವಾಗ್ಲೂ ರಜೆ ಶುರುವಾದ್ಮೇಲೆ ಕತ್ತರಿಸ್ತಿದ್ದೆ. ಕಾಯಿ ಒಣಗಿರೋದು. ಈ ಸಲ ಸ್ಪೋರ್ಟ್ಸ್ ಡೇ ಬೇಗ ಬಂತು."

ದೊಡ್ಡ ಮೇಡಂ ಗೇಟು ದಾಟುವಷ್ಟರಲ್ಲಿ ಇಬ್ಬರೂ ಅಡ್ಡ ನಿಂತಿದ್ದರು. ಬಿಸಿಲು ಬಿದ್ದಿತ್ತು. ಗುಂಡಿ ಹೂಗಳೆಲ್ಲ ಕಣ್ಣು ಬಿಟ್ಟಿದ್ದವು.

"ಓಹೋ, ಸ್ಕೂಲಿಗೆ ಟೈಮ್‌ಗೆ ಸರಿಯಾಗಿ ಬಂದಿವೆ," ಎಂದು ಮೇಡಂ ಬಗ್ಗಿ ನೋಡಿದರು. ಉಡ ಹೇಳಿದ್ದನ್ನೆಲ್ಲ ಕೇಳಿದರು. ನಕ್ಷೆಯನ್ನೂ ನೋಡಿದರು. "ಆದ್ರೆ ಮಕ್ಕಳು ಓಡಬೇಕಲ್ಲಮ್ಮ. ಟ್ರ್ಯಾಕ್ ಮೈದಾನದ ನಡುವೆಯೇ ಹೋಗುತ್ತೆ."

ನಡುವಿನ ಚೌಕದಲ್ಲೇ ಅತಿ ಹೆಚ್ಚು ಗಿಡಗಳಿದ್ದವು. ಅರವತ್ತೊಂದು. ಉಡ ತುಟಿ ಕಚ್ಚಿದಳು.

"ಅದೊಂದನ್ನ ಕತ್ತರಿಸಲಿ ಮೇಡಂ. ಉಳಿದ ಆರನ್ನ ಬಿಡಿ. ಕಾಯಿ ಒಣಗೋವರೆಗೆ ಮಾತ್ರ."

"ಆರರ ಜವಾಬ್ದಾರಿ ನಂದು," ಎಂದರು ಮಾಲಿ ಮಾಮ.

ಮೇಡಂ ಒಪ್ಪಿದರು. ಟ್ರ್ಯಾಕಿನ ಮೇಲೆ ಮೆಷಿನ್ ಹೋದಾಗ ಉಡ ಆ ಕಡೆ ನೋಡಲಿಲ್ಲ.

ಸ್ಪೋರ್ಟ್ಸ್ ಡೇ ಮುಗಿದು ಎರಡು ವಾರವಾಯಿತು. ಕಾಯಿಗಳು ಒಣಗಿ ಕಂದು ಬಣ್ಣಕ್ಕೆ ತಿರುಗಿ ಬಾಯಿ ಬಿಡತೊಡಗಿದವು. ಒಳಗೆ ಎಳ್ಳಿಗಿಂತ ಸಣ್ಣ ಕಪ್ಪು ಬೀಜಗಳಿದ್ದವು.

"ಈಗ ಕತ್ತರಿಸ್ಲಾ?" ಮಾಮ ಕೇಳಿದರು.

"ಕತ್ತರಿಸಿ ಮಾಮ!"

ಮೆಷಿನ್ ನಲ್ಲಿಯ ಹತ್ತಿರದಿಂದ ಹೊರಟಿತು. ಉಡ ದೂರದಲ್ಲಿ ಹಿಂದೆ ಹಿಂದೆ ನಡೆದಳು. ಮರದ ಹತ್ತಿರ ಒಮ್ಮೆ ನಿಂತು ಮುಂದೆ ಸಾಗಿತು. ಮೈದಾನದ ನಡುವೆ, ಅರವತ್ತೊಂದು ಗಿಡಗಳಿದ್ದ ಜಾಗಕ್ಕೆ ಬಂದಾಗ ಗೊರಗೊರ ಎಂದು ನಿಂತಿತು. ಮಾಮ ಆಫ್ ಮಾಡಿ, ಮೆಷಿನ್ ಮಗುಚಿ, ಕೆರೆದರು. ಹಸಿ ಹುಲ್ಲಿನ ಮುದ್ದೆ ದೊಪ್ಪನೆ ನೆಲಕ್ಕೆ ಬಿತ್ತು.

ಉಡ ಕೂತು ಹುಲ್ಲು ಬಿಡಿಸಿದಳು. ನಡುನಡುವೆ ಕಪ್ಪು ಬೀಜಗಳು ಅಂಟಿದ್ದವು. ಒಂದನ್ನೂ ಮುಟ್ಟದೆ ಮತ್ತೆ ಹುಲ್ಲು ಮುಚ್ಚಿದಳು.

ಆಮೇಲೆ ಜೇಬಿನಿಂದ ನಕ್ಷೆ ತೆಗೆದಳು. ನಡುವಿನ ಚುಕ್ಕಿಯನ್ನು ಅಳಿಸಬೇಕೆಂದು ಟ್ರ್ಯಾಕ್ ಕತ್ತರಿಸಿದ ದಿನದಿಂದಲೂ ಜೊತೆಗೆ ಇಟ್ಟುಕೊಂಡಿದ್ದ ರಬ್ಬರ್ ಕೈಗೆ ಬಂತು. ಅದನ್ನು ಜೇಬಿಗೇ ಹಾಕಿಕೊಂಡು ಎದ್ದು ನಿಂತಳು.

"ನಡೀರಿ ಮಾಮ, ಮುಂದೆ ಗೋಲ್ ಕಂಬ."