ತಾಯಿ ಪಾತ್ರದ ಬಣ್ಣ

ಸುಭಾಸ ಬಗ್ಗಿ ಕಾವೇರಿಯ ಎರಡೂ ಪಾದ ಮುಟ್ಟಿ, ಆ ಕೈಗಳನ್ನು ಕಣ್ಣಿಗೆ ಒತ್ತಿಕೊಂಡ.

"ಆಶೀರ್ವಾದ ಮಾಡ್ರಿ ಅವ್ವಾರ. ಮೊದಲನೇ ಸಲ ಬಣ್ಣ ಹಚ್ಚಾಕತ್ತೀನಿ."

ಕಾವೇರಿಯ ಕೈ ತಾನಾಗಿ ಅವನ ತಲೆಯ ಮೇಲೆ ಹೋಯಿತು. ಹುಡುಗ ಎದ್ದು ನಿಂತು, ಅವಳ ಹೆಗಲಿನಾಚೆ ಬಾಗಿಲ ಕಡೆ ನೋಡಿದ.

"ಹೀರೋಯಿನ್ ಮೇಡಂ ಇನ್ನ ಬರಲಿಲ್ಲೇನ್ರಿ?"

ಯಳವತ್ತಿಯ ಶಾಲೆಯ ಆ ಕೋಣೆಯಲ್ಲಿ ಏಳೆಂಟು ಜನರಿದ್ದರು. ಹೀರೋಯಿನ್ ಕಾವೇರಿಯೇ ಆಗಿದ್ದಳು.

ತಪ್ಪು ಸುಭಾಸನದಲ್ಲ. ಈ ಕಡೆಯ ಹಳ್ಳಿಗಳಲ್ಲಿ ನಾಟಕ ಆಡುವವರು ಊರಿನ ರೈತರೇ. ಹೆಣ್ಣು ಪಾತ್ರಕ್ಕೆ ಮಾತ್ರ ಗದಗ-ಬೆಟಗೇರಿಯಿಂದ ಕಲಾವಿದೆಯರನ್ನು ಕರೆಸುತ್ತಾರೆ. ಅವರು ಬರುವುದು ನಾಟಕದ ದಿನ. ಅಲ್ಲಿಯವರೆಗೆ ತಾಲೀಮಿನಲ್ಲಿ ಹೀರೋಯಿನ್ ಮಾತನ್ನು ಪ್ರಾಂಪ್ಟರ್ ಓದುತ್ತಾನೆ. ಹೀರೋ ಪಾತ್ರದ ಸುಭಾಸ ಎರಡು ತಿಂಗಳು ಪ್ರಾಂಪ್ಟರ್ ಫಕ್ಕೀರಪ್ಪನ ಎದುರು ನಿಂತು, ಅವನ ಮೀಸೆ ಕಾಣದಂತೆ ಮೊಬೈಲಿಗೆ ಬಂದಿದ್ದ ಹೀರೋಯಿನ್ ಫೋಟೋ ಅಡ್ಡ ಹಿಡಿದು, ಪ್ರೀತಿಯ ಮಾತು ಕಲಿತಿದ್ದ. ಫೋಟೋದಲ್ಲಿದ್ದವಳಿಗೆ ಬಹಳವೆಂದರೆ ಮೂವತ್ತು. ಟೆಂಪೋದಿಂದ ಇಳಿದವಳಿಗೆ ನಲವತ್ಮೂರು. ಮೊದಲ ಸಲ ಬಣ್ಣ ಹಚ್ಚುವವನು ಹಿರಿಯ ಕಲಾವಿದರ ಕಾಲು ಮುಟ್ಟಬೇಕು ಎಂಬುದು ರೂಢಿ. ಅವನು ಮುಟ್ಟಿದ.

"ಲೇ, ಇವರ ಹೀರೋಯಿನ್," ಎಂದ ಫಕ್ಕೀರಪ್ಪ, ಸಣ್ಣ ದನಿಯಲ್ಲಿ.

ಸುಭಾಸ ಮೊಬೈಲ್ ನೋಡಿದ, ಕಾವೇರಿಯನ್ನು ನೋಡಿದ, ಮತ್ತೆ ಮೊಬೈಲ್ ನೋಡಿದ. ಕಿವಿ ಕೆಂಪಾದವು. "ತಪ್ಪಾತ್ರಿ," ಎಂದು ಹೊರಗೆ ಹೋಗಿಬಿಟ್ಟ.

ಸ್ವಲ್ಪ ಹೊತ್ತಿಗೆ ನಾಟಕದ ಕಮಿಟಿಯ ಹಿರಿಯ ದೇವೇಂದ್ರಪ್ಪ ಒಳಗೆ ಬಂದ. ಟೆಂಪೋ ಇಳಿಯುವಾಗ ಅವಳನ್ನು 'ಮೇಡಂ' ಎಂದು ಕರೆದಿದ್ದ.

"ಅಕ್ಕಾರ, ಚಾ ಕುಡದ್ರಿ?"

ಅವನಿಗೆ ಅರವತ್ತರ ಹತ್ತಿರ.

"ಕುಡದ್ನಿ. ಏನ್ ಹೇಳಾಕ ಬಂದೀರಿ, ಹೇಳ್ರಿ."

"ನಾವು ಮಾತಿಗಿ ತಪ್ಪೂ ಜನ ಅಲ್ಲ. ಹೀರೋಯಿನ್ ಅಂತ ಕರಸೀವಿ, ನೀವ ಹೀರೋಯಿನ್. ಆದ್ರ ಹುಡುಗ ಹಟಾ ಹಿಡದಾನ. ಕಾಲ ಮುಟ್ಟಿ ಅವ್ವ ಅಂದೀನಿ, ಇನ್ನ ಕೈ ಹೆಂಗ ಹಿಡೀಲಿ ಅಂತಾನ. ಹಾಡಿನ್ಯಾಗ ಸೊಂಟಾ ಬ್ಯಾರೆ ಹಿಡೀಬೇಕು."

"ನಾಟಕ ಅದು."

"ನಮಗ ಗೊತ್ತೈತ್ರಿ. ಅವಂಗ ಗೊತ್ತಿಲ್ಲ. ಮ್ಯಾಲೆ ಅವರವ್ವ ಮುಂದಿನ ಸಾಲಿನ್ಯಾಗ ಕುಂತಿರ್ತಾಳ."

"ಹಂಗಾರ?"

"ಆ ಸಣ್ಣ ಹುಡುಗಿ ಅಂಕಿತಾ ಹೀರೋಯಿನ್ ಆಗ್ಲಿ. ನೀವು ತಾಯಿ ಪಾತ್ರ ಮಾಡ್ರಿ. ಒತ್ತಾಯ ಇಲ್ಲ. ಆರು ಗಂಟೇಕ ಒಂದ ಮಾತ ಹೇಳ್ರಿ."

ಅಂಕಿತಾ ಅದೇ ಟೆಂಪೋದಲ್ಲಿ ಬಂದ ಇನ್ನೊಬ್ಬ ಕಲಾವಿದೆ. ಇಪ್ಪತ್ತೊಂದು ವರ್ಷ. ತಲೆಗೆ ಬಿಳಿ ಪೌಡರ್ ಹಾಕಿಕೊಂಡು ಹೀರೋನ ತಾಯಿ ಆಗಬೇಕಿದ್ದವಳು ಅವಳು. ಹೊಸಬರಿಗೆ ಮೊದಲು ಸಿಗುವುದು ತಾಯಿ ಪಾತ್ರವೇ. ಅದನ್ನು ಮಾಡಿ ಮೇಲೆ ಬಂದರೆ ಹೀರೋಯಿನ್. ಹೀರೋಯಿನ್ ಒಮ್ಮೆ ತಾಯಿ ಪಾತ್ರಕ್ಕೆ ಇಳಿದರೆ ಮತ್ತೆ ಹತ್ತುವುದಿಲ್ಲ. ನಾಳೆ ಮುಂಜಾನೆಯೊಳಗೆ ಖಬರ ಬೆಳ್ಳಟ್ಟಿಗೂ ಶಿರಹಟ್ಟಿಗೂ ಮುಂಡರಗಿಗೂ ಹೋಗಿರುತ್ತದೆ. ಕಾವೇರಿಗೆ ಇದು ಗೊತ್ತಿತ್ತು.

ಇದನ್ನು ತಡೆಯಲು ಅವಳು ಹತ್ತು ವರ್ಷದಿಂದ ಒಂದು ನೌಕರಿಯಂತೆ ದುಡಿದಿದ್ದಳು. ಹನ್ನೆರಡು ದಿನಕ್ಕೊಮ್ಮೆ ಕೂದಲಿಗೆ ಬಣ್ಣ. ತಿಂಗಳಿಗೊಮ್ಮೆ ಗದಗಿನ ಜಾಸ್ಮಿನಳ ಪಾರ್ಲರಿನಲ್ಲಿ ಫೇಶಿಯಲ್. ಕತ್ತಿನಲ್ಲಿ ಗೆರೆ ಬೀಳುತ್ತದೆಂದು ತಲೆದಿಂಬಿಲ್ಲದೆ ಮಲಗುವುದು. ರಾತ್ರಿ ರೊಟ್ಟಿ ಇಲ್ಲ. ಬಿಸಿಲಿಗೆ ಹೋದರೆ ಕೊಡೆ.

ಚಂದ ಇರುವುದೆಂದರೆ ಏನೆಂದು ಅವಳನ್ನು ಕೇಳಿದರೆ ಹೇಳಬಲ್ಲಳು. ಬಸ್ಸಿನಲ್ಲಿ ಜಾಗ ಸಿಗುತ್ತದೆ. ಟೇಲರ್ ಜಂಪರನ್ನು ಮೊದಲು ಹೊಲಿದುಕೊಡುತ್ತಾನೆ. ಸಾಧಾರಣ ಹಾಡಿದರೂ ಚಲೋ ಹಾಡಿದಳು ಅನ್ನುತ್ತಾರೆ. ಬೆಟಗೇರಿಯಲ್ಲಿ ಮಾತ್ರ ಬಾಡಿಗೆ ಮನೆ ಕೊಡುವುದಿಲ್ಲ, ಇಷ್ಟು ಚಂದ ಇದ್ದವಳು ಸರಿ ಇರಲಿಕ್ಕಿಲ್ಲ ಎಂದು. ಲಕ್ಷ್ಮೇಶ್ವರದ ಒಬ್ಬ ವ್ಯಾಪಾರಿ ಆರು ವರ್ಷ ಮದುವೆಯಾಗುತ್ತೇನೆಂದು ಹೇಳಿ ಬೇರೆಯವಳನ್ನು ಕಟ್ಟಿಕೊಂಡ. ಆ ಹುಡುಗಿ ಚಂದ ಇರಲಿಲ್ಲ. ಅವನ ಮನೆಯವರಿಗೆ ಅದು ನಂಬಿಕೆಯ ಗುರುತಾಗಿ ಕಂಡಿತ್ತು.

ಆದರೂ ಜನ ನೋಡುತ್ತಿದ್ದರು. ಹದಿನಾಲ್ಕರಿಂದ ನೋಡುತ್ತಿದ್ದರು. ನೋಡದಿದ್ದರೆ ಹೇಗೆ ಬದುಕುವುದು ಎಂಬುದು ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ಅವಳು ಫಕ್ಕೀರಪ್ಪನ ಮೊಬೈಲ್ ಇಸಿದುಕೊಂಡು, ಅದರಲ್ಲೂ ಇದ್ದ ಆ ಫೋಟೋ ನೋಡಿದಳು. ಹನ್ನೊಂದು ವರ್ಷದ ಹಿಂದೆ ಮುಂಡರಗಿಯಲ್ಲಿ ತೆಗೆದದ್ದು. ಅದನ್ನು ಅವಳು ಯಾರಿಗೂ ಕಳಿಸಿರಲಿಲ್ಲ.

ಮೊಬೈಲ್ ಹಿಡಿದುಕೊಂಡು ಪಕ್ಕದ ಕೋಣೆಗೆ ಹೋದಳು. ಅಲ್ಲಿ ಶಿವಯೋಗಿ ಮಾಸ್ತರ ಬೆಂಚಿನ ಮೇಲೆ ಬಣ್ಣದ ಪೆಟ್ಟಿಗೆ ತೆರೆದು ಬ್ರಶ್ ಜೋಡಿಸುತ್ತಿದ್ದ. ಬೆಟಗೇರಿಯಲ್ಲಿ ಅವನದು ನಾಟಕದ ಡ್ರೆಸ್ ಮತ್ತು ಮೇಕಪ್ಪಿನ ಸಣ್ಣ ಅಂಗಡಿ. ಹಳ್ಳಿಯವರು ಕಲಾವಿದೆಯರು ಬೇಕೆಂದು ಫೋನ್ ಮಾಡುವುದೂ ಅವನಿಗೇ. ನಲವತ್ತೆಂಟು ವರ್ಷ, ಮದುವೆಯಿಲ್ಲ. ಮೂರು ಮನೆಯವರು ಅವನನ್ನು ನೋಡಿಹೋಗಿ ಖಬರ ಕೊಟ್ಟಿರಲಿಲ್ಲ. ಕುರೂಪಿ ಅಲ್ಲ, ನೆನಪಿನಲ್ಲಿ ಉಳಿಯುವ ಮುಖವಲ್ಲ, ಅಷ್ಟೆ. ಬೆಳ್ಳಟ್ಟಿಗೆ ಆರು ವರ್ಷ ಒಂದೇ ಸಮ ಹೋದರೂ ಅಲ್ಲಿಯ ಕಮಿಟಿಯವರು ಪ್ರತಿ ವರ್ಷ ಹೊಸದಾಗಿ ಹೆಸರು ಕೇಳುತ್ತಿದ್ದರು.

"ಇದನ್ನ ಕಳಸಿದಾವ್ರು ನೀವ ಏನ್ ಮಾಸ್ತರ?"

ಅವನು ನೋಡಿದ. "ಹೌದು."

"ಎಲ್ಲಾರಿಗೂ ಇದನ್ನ ಕಳಸ್ತೀರಿ?"

"ಐದು ವರ್ಷಾತು."

"ವಯಸ್ಸು ಎಷ್ಟಂತ ಹೇಳ್ತೀರಿ?"

"ಮೂವತ್ತೆರಡು."

"ಐದೂ ವರ್ಷ ಮೂವತ್ತೆರಡ?"

ಅವನು ಬ್ರಶ್ಶಿನ ಕೂದಲನ್ನು ಬೆರಳಿನಿಂದ ಸರಿಮಾಡಿದ.

"ಖರೆ ಫೋಟೋ ಕಳಸಿದ್ರ ತಾಯಿ ಪಾತ್ರಕ್ಕ ಕರೀತಿದ್ರು," ಎಂದಳು ಕಾವೇರಿ. "ನಾನೂ ಮರ್ಯಾದಿಲೆ ಬಂದು ಮಾಡಿ ಹೋಗ್ತಿದ್ನಿ. ಇವತ್ತ ಎಂಟು ಮಂದಿ ಮುಂದ ಆ ಹುಡುಗ ನನ್ನ ಕಾಲ ಮುಟ್ಟಿದ. ಎಲ್ಲಾರೂ ನನ್ನ ಮುಖಾ ನೋಡಿದ್ರು. ಯಾಕ ಹಿಂಗ ಮಾಡಿದ್ರಿ?"

"ತಾಯಿ ಪಾತ್ರದಾವ್ರು ತಾವ ಬಣ್ಣ ಹಚ್ಕೋತಾರ," ಎಂದ ಶಿವಯೋಗಿ.

"ನಿಮ್ಮ ಕೆಲಸ ಕಮ್ಮಿ ಆಗತೈತಿ ಅಂತ ನನ್ನ ಬಜಾರದಾಗ ನಿಂದರ್ಸಿದ್ರಿ?"

"ಹಂಗಂತ ತಿಳ್ಕೋರಿ."

ಅವಳಿಗೆ ಜಗಳಕ್ಕೆ ನಿಲ್ಲುವ ಸಿಟ್ಟು ಬಂತು. ಆದರೆ ಸಮಯ ಇರಲಿಲ್ಲ. ಮೊಬೈಲನ್ನು ಅವನ ಮುಖದ ಮುಂದೆ ಹಿಡಿದಳು.

"ಇವತ್ತ ನನ್ನ ಈ ಫೋಟೋದಾಕಿ ಮಾಡಾಕ ಆಗತೈತೇನು?"

"ಆಗತೈತಿ. ಐದನೇ ಸಾಲಿನಿಂದ ಆಚೆ ಯಾರಿಗೂ ಗೊತ್ತಾಗೂದಿಲ್ಲ."

"ಆ ಹುಡುಗಗ?"

"ಅಂವ ಒಂದ ಮೊಳದ ದೂರದಾಗ ನಿಂತಿರ್ತಾನ." ಶಿವಯೋಗಿ ತಲೆ ತಗ್ಗಿಸಿದ. "ಗೊತ್ತಾಗತೈತಿ."

ಸುಭಾಸ ಶಾಲೆಯ ಹಿಂದೆ, ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕುಳಿತಿದ್ದ. ಅವಳನ್ನು ಕಂಡು ಎದ್ದು ನಿಂತ. ಅಷ್ಟರಲ್ಲೇ ಅರ್ಧ ಉತ್ತರ ಸಿಕ್ಕಿತು. ಪ್ರೀತಿಸುವ ಹುಡುಗರು ಹಾಗೆ ಎದ್ದು ನಿಲ್ಲುವುದಿಲ್ಲ.

"ಕೈ ಹಿಡಿ," ಎಂದಳು. "ನಾಕನೇ ಸೀನಿನ ಮಾತ ಹೇಳು."

ಅವನು ಹಿಡಿದ. ಬಿಸಿಯಾದ, ಗಟ್ಟಿ ಕೈ. ಹಿಡಿದದ್ದು ಮಾತ್ರ ಹಿರಿಯರನ್ನು ಕೆಸರು ದಾಟಿಸುವವನ ಹಾಗೆ, ಮೊಣಕೈಗೆ ಇನ್ನೊಂದು ಕೈ ಆಸರೆ ಕೊಟ್ಟು. ಎರಡು ಶಬ್ದ ಹೇಳಿ ನಿಲ್ಲಿಸಿದ.

"ಹೇಳು."

"ಬಾಯಿಗೆ ಬರವಲ್ದ್ರಿ."

"ನಾ ಚಂದ ಇಲ್ಲೇನು?"

"ಹೇ, ಅದೀರ್ರಿ," ಎಂದ ಅವನು ಗಾಬರಿಯಿಂದ. "ಖರೆ ಹೇಳ್ತೀನಿ, ಭಾಳ ಚಂದ ಅದೀರಿ. ನಮ್ಮ ಸಣ್ಣವ್ವ ಹಿಂಗ ಅದಾಳ."

ಅದರಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಬಯ್ದು ಬರಬಹುದಿತ್ತು. ಕಾವೇರಿ ಕೈ ಬಿಡಿಸಿಕೊಂಡಳು.

"ಹೋಗು, ದೇವೇಂದ್ರಪ್ಪನವರಿಗೆ ಹೇಳು. ತಾಯಿ ಪಾತ್ರ ನಂದು ಅಂತ."

ಹೇಳಿದ ಮೇಲೆ ಅಳು ಬರುತ್ತದೆಂದು ಕಾದಳು. ಬರಲಿಲ್ಲ. ಹಲ್ಲು ಕೀಳಿಸಿಕೊಂಡ ಮೇಲೆ ನಾಲಿಗೆ ಆ ಜಾಗಕ್ಕೇ ಹೋಗುತ್ತದಲ್ಲ, ಹಾಗೆ ಮನಸ್ಸು ಅಲ್ಲಿಗೇ ಹೋಗುತ್ತಿತ್ತು.

ಒಳಗೆ ಅಂಕಿತಾ ಬೆವರುತ್ತಿದ್ದಳು.

"ಅಕ್ಕಾರ, ನನಗ ಹೀರೋಯಿನ್ ಮಾಡಾಕ ಬರೂದಿಲ್ರಿ. ಮುಖಾ ನೋಡಿ ಬರ್ತೈತಿ ಅಂತ ತಿಳ್ಕೊಂಡಾರ."

"ನನಗೂ ಬರ್ತಿರಲಿಲ್ಲ. ಹತ್ತು ವರ್ಷ ಯಾರೂ ಅದರ ಕಡೆ ಲಕ್ಷ್ಯಾನ ಕೊಡಲಿಲ್ಲ."

ಅಂಕಿತಾಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

"ಮಾತ ಮರತ್ರ ಫಕ್ಕೀರಪ್ಪ ಹಿಂದಿನಿಂದ ಹೇಳ್ತಾನ," ಎಂದಳು ಕಾವೇರಿ. "ಅಂವ ಹೇಳಿದ್ದನ್ನ ಪೂರಾ ಕೇಳು, ಆಮ್ಯಾಲೆ ಹೇಳು. ಅವಸರ ಮಾಡಬ್ಯಾಡ. ಬಾ, ಬಣ್ಣಕ್ಕ ಕುಂಡ್ರು."

ಅಂಕಿತಾಳನ್ನು ಕುರ್ಚಿಯಲ್ಲಿ ಕೂಡಿಸಿ ಕಾವೇರಿ ಎದುರಿನ ಬೆಂಚಿನಲ್ಲಿ ಕುಳಿತಳು. ಬೇರೆ ಕೆಲಸ ಇರಲಿಲ್ಲ. ಶಿವಯೋಗಿ ಬಣ್ಣ ಹಚ್ಚುವುದನ್ನು ಅವಳು ಎಂದೂ ನೋಡಿರಲಿಲ್ಲ. ಅವನ ಕೈ ಮುಖದ ಮೇಲೆ ಇರುವಷ್ಟು ಹೊತ್ತೂ ಅವಳ ಕಣ್ಣು ಮುಚ್ಚಿಯೇ ಇರುತ್ತಿದ್ದವು.

ಅವನು ಗೋಡೆಗೆ ಸುಣ್ಣ ಬಳಿಯುವವನಂತೆ ಶುರು ಮಾಡಿದ. ಹಣೆ, ಗಲ್ಲ, ಗದ್ದ. ಸ್ಪಂಜು ಎಲ್ಲೂ ನಿಲ್ಲಲಿಲ್ಲ. ನಡುವೆ ಹೊರಗಿನವನ ಹತ್ತಿರ ಸೀರಿಯಲ್ ಲೈಟಿನ ವೈರ್ ಬಗ್ಗೆ ಮಾತಾಡಿದ. ಹುಬ್ಬು ಎಳೆದ, ಕಾಡಿಗೆ ಹಚ್ಚಿದ, ತುಟಿಗೆ ಬಣ್ಣ ಕೊಟ್ಟ. ಒಂದು ಹೆಜ್ಜೆ ಹಿಂದೆ ಸರಿದು ನೋಡಿದ.

"ಆತು. ಏಳವ್ವ."

"ಇಷ್ಟ ಜಲ್ದಿ?"

"ಮತ್ತೇನೈತಿ?"

ಅಂಕಿತಾ ಕನ್ನಡಿಯಲ್ಲಿ ನೋಡಿಕೊಂಡಳು. ಏನೂ ಕಡಿಮೆ ಇರಲಿಲ್ಲ, ಹೀರೋಯಿನ್ ಆಗಿದ್ದಳು. ಸೀರೆ ಉಡಲು ಓಡಿದಳು.

ಕಾವೇರಿ ಶಾಲೆಯ ಗೋಡೆ ಗಡಿಯಾರ ನೋಡಿದಳು. ಇಪ್ಪತ್ತೈದು ನಿಮಿಷ ಆಗಿತ್ತು.

ಅವಳಿಗೆ ಒಂದೂವರೆ ತಾಸು ಹಿಡಿಯುತ್ತಿತ್ತು. ಹತ್ತೊಂಬತ್ತು ವರ್ಷದಿಂದ, ಊರು ಯಾವುದೇ ಇರಲಿ, ಒಂದೂವರೆ ತಾಸು. ಹೀರೋಯಿನ್ ಬಣ್ಣಕ್ಕೆ ಅಷ್ಟು ಬೇಕಾಗುತ್ತದೆಂದೇ ಅವಳು ತಿಳಿದಿದ್ದಳು. ಈಚೆಗೆ, ವಯಸ್ಸಾದದ್ದಕ್ಕೆ ಇರಬೇಕೆಂದು ಒಳಗೊಳಗೇ ನಾಚಿಕೊಂಡಿದ್ದೂ ಇತ್ತು.

"ಮಾಸ್ತರ."

ಅವನು ಸ್ಪಂಜು ಹಿಂಡುತ್ತಿದ್ದ.

"ನನಗ ಒಂದೂವರಿ ತಾಸು ಯಾಕ ಬೇಕಾಗ್ತಿತ್ತು?"

ಕೈ ನಿಂತಿತು.

"ನಿಮ್ಮ ಚರ್ಮ ಸ್ವಲ್ಪ..."

"ಸುಳ್ಳ ಹೇಳಬ್ಯಾಡ್ರಿ. ಇಪ್ಪತ್ನಾಕರಾಗೂ ಒಂದೂವರಿ ತಾಸನ ಇತ್ತು. ಕುರ್ಚ್ಯಾಗ ನಿದ್ದಿ ಹತ್ತತಿತ್ತು ನನಗ."

"ಹೌದು."

"ಅಷ್ಟೊತ್ತು ಏನ್ ಮಾಡ್ತಿದ್ರಿ?"

"ಹಚ್ತಿದ್ನಿ. ಒರಸ್ತಿದ್ನಿ. ಮತ್ತ ಹಚ್ತಿದ್ನಿ."

ಹೊರಗೆ ಯಾರೋ ಮೈಕಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದರು.

"ಚಂದ ಇದ್ನಿ ಅಂತೇನು?"

"ಮೊದ್ಲ ಅದಕ್ಕ," ಎಂದ ಶಿವಯೋಗಿ. "ಎಲ್ಲಾರಂಗ ನಾನೂ. ಸುಳ್ಳ ಯಾಕ ಹೇಳ್ಲಿ."

"ಆಮ್ಯಾಲೆ?"

ಅವನು ಒಂದು ಸಣ್ಣ ಬ್ರಶ್ ತೆಗೆದುಕೊಂಡು, ಮುಟ್ಟದೆ, ಗಾಳಿಯಲ್ಲೇ ಅವಳ ಮುಖದ ಕಡೆ ತೋರಿಸಿದ.

"ಕಳಸಾಪುರದಾಗ ನಿಮಗೂ ಮೊದ್ಲ ತಾಯಿ ಪಾತ್ರನ ಇತ್ತು. ನಿಮಗ ಹಚ್ಕೊಳ್ಳಾಕ ಬರ್ತಿರಲಿಲ್ಲ. ನಾನ ಗೆರಿ ಬರದಿದ್ನಿ. ವಯಸ್ಸಾದ್ರ ಇಲ್ಲೆ ಬರ್ತಾವ, ಇಲ್ಲೆ ಬರ್ತಾವ ಅಂತ." ಬ್ರಶ್ ಕೆಳಗಿಳಿಯಿತು. "ಅಲ್ಲಿ ಬರಲಿಲ್ಲ. ಹುಬ್ಬಿನ ನಡಕ ಒಂದ ಬಂತು, ನಿಮ್ಮವ್ವ ತೀರಿದ ವರ್ಷ. ಬಲಕ್ಕ ಬಾಯಿ ಬಾಜೂಕ ಎರಡ ಬಂದ್ವು. ನೀವು ನಗೂದ ಬಲಕ್ಕ. ಅವನ್ನ ಮುಚ್ಚೂದು ನನ್ನ ಕೆಲಸ. ಮುಚ್ಚೂಕಿಂತ ಮೊದ್ಲ ನೋಡ್ಕೋತ ಕುಂಡ್ರತಿದ್ನಿ."

ಕಾವೇರಿ ಬಾಯಿಯ ಪಕ್ಕಕ್ಕೆ ಕೈ ಒಯ್ದಳು. ಆ ಎರಡು ಗೆರೆಗಳ ಮೇಲೆ ಅವಳು ದಿನಾ ಮುಂಜಾನೆ ಕ್ರೀಮ್ ತಿಕ್ಕುತ್ತಿದ್ದಳು. ಅವು ನಗುವಿನಿಂದ ಬಂದವೆಂದು ಯಾರೂ ಹೇಳಿರಲಿಲ್ಲ.

"ಫೋಟೋ ಕಳಸಿದ್ದು ತಪ್ಪು," ಎಂದಳು.

"ತಪ್ಪು."

"ನಿಮ್ಮ ಸಲುವಾಗಿ ಮಾಡಿದ್ರಿ. ನನ್ನ ಸಲುವಾಗಿ ಅಲ್ಲ."

"ನನ್ನ ಸಲುವಾಗಿನ. ತಾಯಿ ಪಾತ್ರಕ್ಕ ಹೋದ್ರ ನೀವು ನನ್ನ ಮುಂದ ಕುಂಡ್ರೂದ ಇಲ್ಲಲ್ಲ."

"ಕೇಳಬೇಕಿತ್ತು."

"ಏನಂತ ಕೇಳ್ಲಿ? ಕೇಳಿದ್ರ ಹೂಂ ಅಂತಿದ್ರೇನು?"

ಕಾವೇರಿ ಯೋಚಿಸಿದಳು. ಈ ಸಂಜೆ ಸುಳ್ಳು ಹೇಳುವುದು ಸರಿ ಅನ್ನಿಸಲಿಲ್ಲ.

"ಇಲ್ಲ. ಆವಾಗ ಅಂತಿರಲಿಲ್ಲ. ನಿಮ್ಮನ್ನ ನಾ ನೋಡಿದ್ದ ಇಲ್ಲ."

ಅವನು ತಲೆ ಆಡಿಸಿದ. ನೋವಾಯಿತೋ ಇಲ್ಲವೋ, ಆ ಮುಖದಲ್ಲಿ ಗೊತ್ತಾಗಲಿಲ್ಲ. ಅದು ಗೊತ್ತಾಗಬೇಕಾದರೆ ಎಷ್ಟು ಹತ್ತಿರ ಹೋಗಬೇಕಾದೀತು ಎಂದು ಅವಳಿಗೆ ಮೊದಲ ಸಲ ಅನ್ನಿಸಿತು.

ಎದ್ದು ಬಂದು ಕುರ್ಚಿಯಲ್ಲಿ ಕುಳಿತಳು.

"ಹಚ್ರಿ."

"ತಾಯಿ ಪಾತ್ರದ್ದು ಹತ್ತ ನಿಮಿಷದ ಕೆಲಸ. ನಿಮಗ ಈಗ ಬರ್ತೈತಿ."

"ನನಗ ಬರ್ತೈತಿ. ನೀವ ಹಚ್ರಿ. ನಾಟಕ ಸುರು ಆಗಾಕ ಇನ್ನೂ ಮೂರು ತಾಸು ಐತಿ."

ಶಿವಯೋಗಿ ಸ್ಪಂಜನ್ನು ನೀರಿನಲ್ಲಿ ಅದ್ದಿ ಹಿಂಡಿದ. ಸಣ್ಣ ಪಾತ್ರೆಯ ನೀರು ಅಲುಗಿ ಬೆಂಚಿನ ಮೇಲೆ ಚೆಲ್ಲಿತು. ಅಂಕಿತಾಳ ಮುಂದೆ ಅವನ ಕೈ ಹೀಗಿರಲಿಲ್ಲ. ಹತ್ತಿರ ಬಗ್ಗಿದ.

"ಕಣ್ಣ ಮುಚ್ರಿ."

ಕಾವೇರಿ ಮುಚ್ಚಲಿಲ್ಲ. ಅವನ ಎಡಗಣ್ಣಿನ ಕೆಳಗೆ ಒಂದು ಸಣ್ಣ ಮಚ್ಚೆ ಇತ್ತು. ರೆಪ್ಪೆಗಳು ಹೆಣ್ಣುಮಕ್ಕಳ ಹಾಗೆ ಉದ್ದ. ಮೇಲ್ದುಟಿಯ ಮೇಲೆ ಬೆವರು ಸಾಲುಗಟ್ಟಿತ್ತು.

"ಮುಚ್ಚಿದ್ರ ಹಚ್ಚಾಕ ಬರ್ತೈತಿ," ಎಂದ ಅವನು, ಕಷ್ಟದಿಂದ.

"ಸಾವಕಾಶ ಹಚ್ರಿ," ಎಂದಳು ಕಾವೇರಿ. "ನಾ ನೋಡಾಕತ್ತೀನಿ."