ಕಾವಲು ದೋಣಿ

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಶಿವಾಲ ಘಾಟಿನ ಪುರೋಹಿತ ಸುಬ್ರಹ್ಮಣ್ಯ ಶಾಸ್ತ್ರಿಗಳು ಹೆಂಡತಿ ಅಂಬುಜಾಕ್ಷಿಯೊಂದಿಗೆ ಠಾಣೆಗೆ ಬಂದು ದೂರು ಕೊಟ್ಟರು. ಮಗ ನಂದನ ರಾಜಘಾಟಿನಾಚೆಯ ಮರಳುದಂಡೆಯಿಂದ ಹಾಯಿ ಕಟ್ಟಿದ ಹಲಗೆಯೇರಿ ವಿಂಡ್‌ಸರ್ಫಿಂಗ್‌ಗೆ ಹೊರಟವನು ಕಾಣೆಯಾಗಿದ್ದ. ಇನ್‌ಸ್ಪೆಕ್ಟರ್ ಚಿದಾನಂದ ಬೆಳೆದದ್ದು ಶಾಸ್ತ್ರಿಗಳ ಬೀದಿಯಲ್ಲೇ.

ಮೊದಲು ವಿಚಾರಿಸಿದ್ದು ಯೋಗೇಶನನ್ನು. ಬ್ಯಾಂಕ್ ನೌಕರ, ವಾರಾಂತ್ಯದಲ್ಲಿ ವಿಂಡ್‌ಸರ್ಫಿಂಗ್ ಕ್ಲಬ್ ನಡೆಸುತ್ತಿದ್ದ.

"ಹುಡುಗರ ಹಿಂದೆ ಹೋಗೋ ಕಾವಲು ದೋಣಿ ಎಲ್ಲಿತ್ತು?"

"ಹಿಂದೇನೇ ಇತ್ತು ಸರ್. ದಂಡೆ ಎದುರೇ ಮಗುಚಿ ಮುಳುಗಿಬಿಟ್ಟ."

ಮುಳುಗುಗಾರರು ಕತ್ತಲಾಗುವವರೆಗೆ ಅಲ್ಲೇ ಜಾಲಾಡಿದರು. ಶಾಸ್ತ್ರಿಗಳು ಮಾಘದ ಚಳಿಯಲ್ಲಿ ಮರಳ ಮೇಲೆ ಕೂತೇ ಇದ್ದರು.

ಭಾನುವಾರ ಬೆಳಿಗ್ಗೆ ಕಾನ್‌ಸ್ಟೆಬಲ್ ಬಾಬುವಿಗೆ ಫೋನ್ ಬಂತು. ಹೊಳೆಯ ಕೆಳಹರಿವಿನಲ್ಲಿ, ಮೈಲಿಗಟ್ಟಲೆ ದೂರದ ನಡುಗಡ್ಡೆಯಲ್ಲಿ ನಂದನನ ಶವ. ಹಾಯಿಯ ಕಂಬ ಮುರಿದು ತೊಡೆಗೆ ನಾಟಿತ್ತು. ಹಾಯಿ ಹರಿದು ಗಾಯಕ್ಕೆ ತಾನೇ ಕಟ್ಟಿಕೊಂಡಿದ್ದ. ಪಂಚನಾಮೆ ಮುಗಿಯುವಾಗ ವೈದ್ಯರು ಹೇಳಿದರು: "ಮುಳುಗಿ ಸತ್ತದ್ದಲ್ಲ. ಬೆಳಗಿನ ಜಾವದವರೆಗೂ ಜೀವ ಇತ್ತು."

ಚಿದಾನಂದ ಎಫ್‌ಐಆರ್ ದಾಖಲಿಸಿ, ಮೊದಲು ಕಾವಲು ದೋಣಿಯವನನ್ನು ಕರೆಸಿದರು. "ನಾವು ಅಲ್ಲೆಲ್ಲಿ ಇದ್ವಿ ಸಾಹಬ್? ಯೋಗೇಶ್ ಕಳಿಸಿದ್ರು, ಆಗ ನಾವು ದೂರದ ಕೇದಾರ ಘಾಟ್‌ನಲ್ಲಿ" ಎಂದು ಅವನು ಹಿಂದಿಯಲ್ಲಿ ಅತ್ತುಬಿಟ್ಟ. ಆಮೇಲೆ ಯೋಗೇಶನ ಸರದಿ.

"ದೋಣಿ ಯಾರಿಗೆ ಕೊಟ್ಟೆ?"

"ಶಾಸ್ತ್ರಿಗಳಿಗೆ ಸರ್. ನಿನ್ನೆ ದೋಣಿ ನಡೆಸೋ ಮಲ್ಲಾಹರ ಹರತಾಳ, ಹೊಳೇಲಿ ಬೇರೆ ದೋಣೀನೇ ಇರ್ಲಿಲ್ಲ. ಊರಿಂದ ಯಾತ್ರಿಕರು ಬಂದಿದಾರೆ, ಒಂಬತ್ತಕ್ಕೆ ರಾಹುಕಾಲ ಶುರು, ಅಷ್ಟರೊಳಗೆ ಅಸ್ಥಿ ಬಿಡ್ಬೇಕು, ಒಂದು ದೋಣಿ ಕೊಡಿಸಪ್ಪ ಅಂದ್ರು. ನಮ್ಮಪ್ಪನ ಕರ್ಮ ಮಾಡಿಸಿದವರು. ಇಲ್ಲ ಅನ್ನಕ್ಕಾಗ್ಲಿಲ್ಲ. ಅದು ಮಗನ ಕಾವಲಿನ ದೋಣಿ ಅಂತ ಅವರಿಗೆ ಗೊತ್ತಿಲ್ಲ."

"ನಂದನನನ್ನ ಯಾಕೆ ಬಿಟ್ಟೆ?"

"ದೋಣಿ ಬರ್ಲಿ, ತಡಿ ಅಂದೆ. ಗಾಳಿ ಚೆನ್ನಾಗಿದೆ ಅಂತ ಹೊರಟೇಬಿಟ್ಟ."

"ಮುಳುಗಿದ್ದು ನೋಡಿದ್ಯಾ?"

"ಇಲ್ಲ. ಕಣ್ಮರೆಯಾದ. ಸತ್ತೇ ಹೋದ ಅನ್ಕೊಂಡೆ. ನೀವು ತಗೊಂಡ ದೋಣಿಯಿಂದಲೇ ಹೀಗಾಯ್ತು ಅಂತ ಆ ಅಪ್ಪನ ಮುಂದೆ ಹೇಗೆ ಹೇಳ್ಲಿ ಸರ್?"

ಒಬ್ಬ ತಂದೆಯ ಮನಸ್ಸು ಉಳಿಸಲು ಹೇಳಿದ ಸುಳ್ಳು, ಹುಡುಕುವವರನ್ನೆಲ್ಲ ಇಡೀ ದಿನ ತಪ್ಪು ಜಾಗದಲ್ಲಿ ನಿಲ್ಲಿಸಿತ್ತು. ನಾಲ್ಕು ಗಂಟೆಗೆ ಯೋಗೇಶನ ಬಂಧನವಾಯಿತು. ಅವನು ತಕರಾರು ಮಾಡಲಿಲ್ಲ.

ಶವಾಗಾರದ ಜಗಲಿಯಲ್ಲಿ ಅಂಬುಜಾಕ್ಷಿ ಗಂಡನ ಕೈ ಹಿಡಿದು ಕೂತಿದ್ದರು. ಕಾವಲು ದೋಣಿಯನ್ನು ಯಾರೋ ತೆಗೆದುಕೊಂಡು ಹೋಗಿದ್ದರೆಂಬ ಸುದ್ದಿ ಅವರಿಗೂ ಮುಟ್ಟಿತ್ತು.

"ಚಿದು, ಆ ದೋಣಿ ತಗೊಂಡು ಹೋದವನನ್ನೂ ಬಿಡಬೇಡಪ್ಪ" ಎಂದರು ಶಾಸ್ತ್ರಿಗಳು. "ಅವನನ್ನೂ ಒಳಗೆ ಹಾಕು."

ಹೇಳಿಕೆ ಪಡೆಯದೆ ವಿಧಿಯಿರಲಿಲ್ಲ. ಚಿದಾನಂದ ಟೋಪಿ ತೆಗೆದು ಕೆಳಗೆ ಕೂತರು.

"ಶಾಸ್ತ್ರಿಗಳೇ, ನಿನ್ನೆ ಬೆಳಿಗ್ಗೆ ಅಸ್ಥಿ ಬಿಡಿಸೋಕೆ ನೀವು ಯಾವ ದೋಣೀಲಿ ಹೋಗಿದ್ರಿ?"

ಶಾಸ್ತ್ರಿಗಳಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅಂಬುಜಾಕ್ಷಿಗೆ ಅಷ್ಟೂ ಬೇಕಾಗಲಿಲ್ಲ. ಗಂಡನ ಕೈ ಬಿಟ್ಟರು.